ಮೊದಲು ನೆರಳು, ಆಮೇಲೆ ಎಸಳು

ಮೈಸೂರು. ಉತ್ತರಕ್ಕೆ ಕಿಟಕಿಯಿರುವ ಮಹಡಿ ಕೋಣೆ. ಬಹುಕಾಲ ಚಿತ್ರಕಲೆ ಕಲಿಸಿದ ಮೇಷ್ಟ್ರೊಬ್ಬರು. ರಜಾ ದಿನಗಳಲ್ಲಿ ಅವರ ಹತ್ತಿರ ತೈಲವರ್ಣ ಕಲಿಯಲು ಬರುವ ಹುಡುಗಿ.

— ಮೇಷ್ಟ್ರೇ, ಗುಲಾಬಿ ತರ್ತೀನಿ ಅಂದ್ರೆ ಬೇಡ ಅಂದ್ರಿ. ಸೇವಂತಿಗೆನೇ ಯಾಕೆ?

— ಗುಲಾಬಿ ನಮಗೋಸ್ಕರ ಕಾಯಲ್ಲ ಕಣಮ್ಮ. ಬೆಳಿಗ್ಗೆ ಮೊಗ್ಗಾಗಿ ಕೂತದ್ದು ಕೋಣೆಯ ಸೆಕೆಗೆ ಮಧ್ಯಾಹ್ನದೊಳಗೆ ಅರಳಿಬಿಟ್ಟಿರುತ್ತೆ. ನೀನು ಬರೆಯೋಕೆ ಹಿಡಿದ ಹೂವು ಒಂದು, ಎದುರಿಗಿರೋ ಹೂವು ಇನ್ನೊಂದು. ದಾಸವಾಳದ ಆಯಸ್ಸು ಒಂದು ದಿನ. ಮಲ್ಲಿಗೆ ರಾತ್ರಿ ಕಳೆದರೆ ಕಂದುತ್ತೆ. ಸೇವಂತಿಗೆ ಹಾಗಲ್ಲ. ದಿನಾ ಕಡ್ಡಿಯ ತುದಿ ಕತ್ತರಿಸಿ ನೀರು ಬದಲಾಯಿಸಿದರೆ ವಾರದ ಮೇಲೂ ನಿಲ್ಲುತ್ತೆ. ಹೊಸದಾಗಿ ಕಲಿಯೋರಿಗೆ ಅದಕ್ಕಿಂತ ಉಪಕಾರ ಬೇರೆ ಇಲ್ಲ. ಕಡ್ಡಿ ಸಮೇತ ಸಿಕ್ಕಿತಾ?

— ದೇವರಾಜ ಮಾರ್ಕೆಟ್ಟಲ್ಲಿ ಎಲ್ಲಾ ಕಟ್ಟಿದ ಮಾರು, ಇಲ್ಲಾಂದ್ರೆ ಬಿಡಿ ಹೂವು ಕೆಜಿ ಲೆಕ್ಕ. ಕೊನೆಗೆ ಬೊಕೆ ಅಂಗಡೀಲಿ ಸಿಕ್ತು. ಬಿಳಿ ಮೂರು, ಹಳದಿ ಎರಡು.

— ಧಾರಾಳ ಆಯ್ತು. ಆ ಹಿತ್ತಾಳೆ ಚೊಂಬಿಗೆ ಹಾಕು. ಎಲ್ಲಾ ಹೂವಿನ ಮುಖವನ್ನೂ ನಿನ್ನ ಕಡೆ ತಿರುಗಿಸಬೇಡ. ಒಂದು ಎದುರು ನೋಡಲಿ, ಒಂದು ಪಕ್ಕಕ್ಕೆ ತಿರುಗಲಿ, ಒಂದು ಪೂರ್ತಿ ಬೆನ್ನು ತೋರಿಸಲಿ. ಹೂವಿನ ಬೆನ್ನಲ್ಲೇ ಅದರ ಕಟ್ಟು ತಿಳಿಯೋದು: ತೊಟ್ಟು ಎಲ್ಲಿ ಕೂರುತ್ತೆ, ಎಸಳು ಎಲ್ಲಿಂದ ಹೊರಡುತ್ತೆ ಅನ್ನೋದೆಲ್ಲ. ಹಳದಿಯದೊಂದು ಸ್ವಲ್ಪ ಕೆಳಗೆ ಬಾಗಲಿ. ಹಾಂ, ಈಗ ಟ್ಯೂಬ್‌ಲೈಟ್ ಆರಿಸು. ಫ್ಯಾನೂ ಬೇಡ.

— ಕತ್ತಲೆ ಆಗಲ್ವಾ?

— ಆಗಲಿ. ಎರಡು ಕಡೆಯಿಂದ ಬೆಳಕು ಬಿದ್ದರೆ ನೆರಳೇ ಉಳಿಯಲ್ಲ. ನೆರಳಿಲ್ಲದ ಹೂವಿಗೆ ಮೈ ಇರಲ್ಲ. ಒಂದೇ ಕಿಟಕಿ, ಒಂದೇ ದಿಕ್ಕು ಸಾಕು. ಇನ್ನೊಂದು ಮಾತು ನೆನಪಿಟ್ಕೋ. ಯುರೋಪಿನ ಪುಸ್ತಕಗಳಲ್ಲಿ ಉತ್ತರದ ಕಿಟಕಿಗೆ ಬಿಸಿಲು ಬೀಳೋದೇ ಇಲ್ಲ, ದಿನವಿಡೀ ಒಂದೇ ಸಮ ಬೆಳಕು ಅಂತ ಬರೆದಿರ್ತಾರೆ. ಅದು ಅವರ ಊರಿಗೆ ನಿಜ. ನಾವಿರೋದು ಭೂಮಧ್ಯರೇಖೆಯಿಂದ ಹನ್ನೆರಡು ಡಿಗ್ರಿ ಮೇಲೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಆಗ ಈ ಕಿಟಕಿಗೂ ಬಿಸಿಲು ಬೀಳುತ್ತೆ. ಒಂದು ತೆಳು ಬಿಳಿ ಪಂಚೆ ಅಡ್ಡ ಕಟ್ಟಿದರೆ ಸರಿಹೋಗುತ್ತೆ.

— ಇಷ್ಟೆಲ್ಲ ಜೋಪಾನ ಮಾಡೋ ಬದಲು ಒಂದು ಫೋಟೋ ತೆಗೆದಿಟ್ಕೊಂಡ್ರೆ ಆಗಲ್ವಾ ಮೇಷ್ಟ್ರೇ? ಹೂವು ಬಾಡೋ ಭಯನೂ ಇರಲ್ಲ.

— ತೆಗೆದಿಟ್ಕೋ, ಬೇಡ ಅನ್ನಲ್ಲ. ಆದ್ರೆ ಕಲಿಯೋ ಕಾಲದಲ್ಲಿ ಅದನ್ನ ನೋಡಿಕೊಂಡು ಬರೀಬೇಡ. ಈ ಬಿಳಿ ಹೂವಿನ ನೆರಳಿನ ಭಾಗ ನೋಡು. ಎಲೆಯ ಹಸಿರು ಅಲ್ಲಿಗೆ ತಟ್ಟಿದೆ, ಚೊಂಬಿನ ಹಳದಿ ಕೆಳಗಿಂದ ಏರಿದೆ. ಫೋನಿನಲ್ಲಿ ಅದೆಲ್ಲ ಒಂದೇ ಬೂದಿ ಬಣ್ಣ, ಬೆಳಕಿನ ಭಾಗವೆಲ್ಲ ಒಂದೇ ಬಿಳಿ. ಅಲ್ಲದೆ ಕ್ಯಾಮೆರಾಕ್ಕೆ ಇರೋದು ಒಂದೇ ಕಣ್ಣು. ಹಿಂದಿನ ಹೂವು ಮುಂದಿನದಕ್ಕಿಂತ ಎಷ್ಟು ಹಿಂದಿದೆ ಅಂತ ನಿನಗೆ ತಿಳಿಸೋದು ನಿನ್ನ ಎರಡೂ ಕಣ್ಣು ಸೇರಿ. ಆ ತಿಳಿವಳಿಕೆ ಕೈಗೆ ಇಳಿದ ಮೇಲೆ ಫೋಟೋ ಬಳಸು, ಅದು ನಿನ್ನನ್ನ ಕೆಡಿಸಲ್ಲ.

— ಹಳೇ ಕಾಲದವರಿಗೆ ಫೋಟೋನೇ ಇರಲಿಲ್ಲ. ಹಾಗಿದ್ರೂ ಆ ಡಚ್ ಚಿತ್ರಗಳಲ್ಲಿ ಟ್ಯೂಲಿಪ್, ಐರಿಸ್, ಗುಲಾಬಿ ಎಲ್ಲಾ ಒಂದೇ ಹೂದಾನಿಯಲ್ಲಿವೆ. ಅವೆಲ್ಲ ಬರೆದು ಮುಗಿಯೋವರೆಗೂ ಕಾದಿದ್ವಾ?

— ಹೂವು ಕಾಯಲಿಲ್ಲ, ಅವರು ಹೂವಿಗೆ ಕಾದರು. ಬೇರೆ ಬೇರೆ ಕಾಲದಲ್ಲಿ ಅರಳೋ ಹೂಗಳವು, ಒಂದೇ ದಿನ ಒಂದೇ ಹೂದಾನಿಗೆ ಬರೋಕೆ ಸಾಧ್ಯವೇ ಇಲ್ಲ. ಒಂದೊಂದನ್ನೂ ಅದರ ಕಾಲದಲ್ಲಿ ನೋಡಿ ಬರೆದು, ಚಿತ್ರದಲ್ಲಿ ಕೂಡಿಸಿದ್ದು. ಫ್ಲಾಂಡರ್ಸಿನ ಹಿರಿಯ ಯಾನ್ ಬ್ರೂಗಲ್ 1606ರಲ್ಲಿ ಮಿಲಾನಿನ ಕಾರ್ಡಿನಲ್ ಬೊರೊಮಿಯೊಗೆ ಬರೆದ ಕಾಗದದಲ್ಲಿ, ಆಂಟ್‌ವರ್ಪಿನಲ್ಲಿ ಸಿಗದ ಹೂಗಳನ್ನ ನೋಡಿ ಬರೆಯೋಕೆ ಬ್ರಸೆಲ್ಸಿಗೆ ಹೋಗಿದ್ದಾಗಿ ತಿಳಿಸ್ತಾನೆ. ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಹೌಸಮ್ ಹಳದಿ ಗುಲಾಬಿ ಅರಳೋವರೆಗೆ ಚಿತ್ರ ಮುಗಿಸೋಕೆ ಆಗಲ್ಲ ಅಂತ ಚಿತ್ರ ಬೇಡಿದವರಿಗೆ ಮುಂದಿನ ವರ್ಷದ ಮಾತು ಹೇಳಿದವನು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಅವನ ಒಂದು ಹೂವಿನ ಚಿತ್ರದ ಮೇಲೆ 1736, 1737 ಎರಡೂ ಇಸವಿ ಬರೆದಿವೆ.

— ಅಂದ್ರೆ ಅವರು ಎಸಳು ಎಸಳಾಗೇ ಬರೆದವರು. ನೀವು ನೋಡಿದ್ರೆ ಪಾಠಕ್ಕೆ ಬಂದಾಗಲೆಲ್ಲ ಎಸಳನ್ನ ಮುಟ್ಟಲೇಬೇಡ ಅಂತೀರಿ.

— ಮುಟ್ಟಬೇಡ ಅನ್ನಲಿಲ್ಲ, ಮೊದಲು ಮುಟ್ಟಬೇಡ ಅಂದೆ. ಅದೇ ಡಚ್ಚರ ರಾಚೆಲ್ ರೌಶ್ ಚಿತ್ರ ನೋಡಿದ್ದೀಯಾ?

— ನೋಡಿದ್ದೀನಿ. ಕಪ್ಪು ಹಿನ್ನೆಲೆ, ನಡುವೆ ಬೆಳಗೋ ಹೂಗಳು. ಎಲೆ ಮೇಲೆ ಹುಳ ಕೂಡ ಇರ್ತವೆ.

— ಹುಳ ಆಮೇಲೆ. ಆ ಚಿತ್ರವನ್ನ ಕಣ್ಣು ಕಿರಿದು ಮಾಡಿ ನೋಡು. ಎಸಳು, ಹುಳ, ಇಬ್ಬನಿ ಎಲ್ಲಾ ಮಾಯವಾಗುತ್ತೆ. ಉಳಿಯೋದು ಓರೆಯಾಗಿ ಹರಿದ ಒಂದು ಬೆಳಕು, ಅದರ ಸುತ್ತ ಕತ್ತಲು. ಅಂಚಿನ ಹೂಗಳನ್ನ ಅವಳು ಬೇಕಂತಲೇ ನೆರಳಲ್ಲಿ ಮುಳುಗಿಸಿರ್ತಾಳೆ. ಆ ಹೂಗಳೂ ಅವಳಿಗೆ ಎಸಳು ಎಸಳಾಗಿ ಗೊತ್ತಿದ್ದವು. ತಂದೆ ಫ್ರೆಡೆರಿಕ್ ರೌಶ್ ಅಂಗರಚನಾ ಶಾಸ್ತ್ರಜ್ಞ, ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಅವನ ಸಂಗ್ರಹವನ್ನ 1717ರಲ್ಲಿ ರಷ್ಯಾದ ಪೀಟರ್ ದೊರೆ ಕೊಂಡುಕೊಂಡ. ಅಂಥ ಮನೆಯಲ್ಲಿ ಬೆಳೆದವಳು, ಗಿಡದ ಒಂದೊಂದು ನರ ಬಲ್ಲವಳು, ಅಷ್ಟೆಲ್ಲ ಗೊತ್ತಿದ್ದೂ ಯಾವುದನ್ನ ತೋರಿಸಬಾರದು ಅಂತ ಮೊದಲೇ ತೀರ್ಮಾನಿಸ್ತಾಳೆ. ಎಸಳಿನ ಸೊಗಸು ಆ ತೀರ್ಮಾನದ ಮೇಲೆ ನಿಂತಿದೆ. ಅದಿಲ್ಲದೆ ಎಸಳು ಬರೆದರೆ ಸಸ್ಯಶಾಸ್ತ್ರದ ಪುಸ್ತಕದ ಪುಟ ಆಗುತ್ತೆ, ಚಿತ್ರ ಆಗಲ್ಲ.

— ಹತ್ತು ಮಕ್ಕಳ ತಾಯಿ ಅಂತ ಎಲ್ಲೋ ಓದಿದ್ದೆ.

— ಹೌದು. 1701ರಲ್ಲಿ ಹೇಗ್ ನಗರದ ಚಿತ್ರಕಾರರ ಸಂಘ ಸೇರಿದಳು, ಆಮೇಲೆ ಡುಸೆಲ್‌ಡಾರ್ಫಿನ ಆಸ್ಥಾನಕ್ಕೆ ಚಿತ್ರ ಬರೆದುಕೊಟ್ಟಳು. ಎಂಬತ್ತು ದಾಟಿದ ಮೇಲೂ ಬರೆದಳು, ಸಹಿಯ ಜೊತೆ ತನ್ನ ವಯಸ್ಸನ್ನೂ ನಮೂದಿಸಿದಳು. ಹೂವಿನ ಚಿತ್ರ ಅಂದ್ರೆ ಮನೆಯಲ್ಲಿ ಹೊತ್ತು ಹೋಗದವರ ಹವ್ಯಾಸ ಅನ್ನೋರಿಗೆ ಈ ಹೆಂಗಸಿನ ಹೆಸರೊಂದನ್ನ ಹೇಳು.

— ಅನ್ನೋರು ಇದ್ದಾರೆ ಮೇಷ್ಟ್ರೇ. ನನಗೇ ಅಂದಿದ್ದಾರೆ.

— ಈ ಮಾತು ಇವತ್ತಿನದಲ್ಲಮ್ಮ. 1667ರಲ್ಲಿ ಫ್ರಾನ್ಸಿನ ಕಲಾ ಲೇಖಕ ಫೆಲಿಬಿಯನ್ ಚಿತ್ರಗಳಿಗೆ ಮೇಲು ಕೀಳಿನ ಸಾಲು ಹಾಕಿ, ಪುರಾಣ ಇತಿಹಾಸದ ಚಿತ್ರವನ್ನ ತುದಿಗಿಟ್ಟ, ಹೂವು ಹಣ್ಣನ್ನ ತಳಕ್ಕೆ ತಳ್ಳಿದ. ಮುಂದೆ ಬಹುಕಾಲ ಅಕಾಡೆಮಿಗಳು ಅದನ್ನೇ ನಡೆಸಿಕೊಂಡು ಬಂದವು. ಮನುಷ್ಯನ ಮೈ ನೋಡಿ ಬರೆಯೋಕೆ ಹೆಂಗಸರನ್ನ ಒಳಗೇ ಬಿಡ್ತಿರಲಿಲ್ಲ. ಹೂವು ಬರೆದರೆ ಇದು ಕೀಳು ಅಂದರು. ಆ ಸಾಲು ತಪ್ಪು ಅಂತ ನಾನು ಖಚಿತವಾಗಿ ಹೇಳ್ತೀನಿ. ಹೂವಿನ ಚಿತ್ರಕ್ಕೆ ಕಥೆಯ ಆಸರೆ ಇಲ್ಲ. ನೋಡುವವರನ್ನ ಹಿಡಿದಿಡೋಕೆ ಬಣ್ಣ, ಬೆಳಕು, ಜೋಡಣೆ ಇಷ್ಟೇ ಇರೋದು. ಅದಕ್ಕೇ ಇದು ಕಷ್ಟ. ಸರಿ, ಕ್ಯಾನ್ವಾಸ್ ಎತ್ತಿಕೋ.

— ಪೂರ್ತಿ ಬಿಳಿ ಇದೆ. ನೇರವಾಗಿ ಶುರು ಮಾಡಲಾ?

— ಬೇಡ. ಬಿಳಿಯ ಮೇಲೆ ಬಿಳಿ ಹೂವನ್ನ ಅಳೆಯೋದು ಹೇಗೆ? ಬರ್ನ್ಟ್ ಸಿಯೆನಾಕ್ಕೆ ಚೂರು ಅಲ್ಟ್ರಾಮರೀನ್ ಸೇರಿಸಿ, ಟರ್ಪಂಟೈನಲ್ಲಿ ತೆಳ್ಳಗೆ ಮಾಡಿ ಎಲ್ಲಾ ಕಡೆ ಸವರು. ಈಗ ಹಳೇ ಬಟ್ಟೆಯಲ್ಲಿ ಒರೆಸಿಬಿಡು. ಈ ಕಂದು ನಮ್ಮ ನಡುವಿನ ಬಣ್ಣ. ಇದಕ್ಕಿಂತ ಮೇಲಿನದು ಬೆಳಕು, ಕೆಳಗಿನದು ನೆರಳು. ಆ ದೊಡ್ಡ ಚಪ್ಪಟೆ ಬ್ರಷ್ ತಗೋ, ಹಂದಿಗೂದಲಿನದು. ಸಣ್ಣ ಬ್ರಷ್ಷುಗಳನ್ನೆಲ್ಲ ನನ್ನ ಕೈಗೆ ಕೊಡು. ಈಗ ಬರೀ ನೆರಳಿನ ಆಕಾರ. ಐದು ಹೂವು ಅಂತ ಮರೆತುಬಿಡು. ಸಂಜೆ ಬಿಸಿಲಲ್ಲಿ ಹುಲ್ಲಿನ ಮೆದೆ ನೋಡಿದ್ದೀಯಲ್ಲ, ಒಂದು ಮೈ ಬೆಳಕು, ಒಂದು ಮೈ ನೆರಳು, ಹುಲ್ಲಿನ ಕಡ್ಡಿ ಎಷ್ಟಿವೆ ಅಂತ ಯಾರೂ ಎಣಿಸಲ್ಲ. ಈ ಗೊಂಚಲೂ ಹಾಗೇ. ಮೊದಲು ಇಡೀ ಗೊಂಚಲಿನ ನೆರಳು. ಆಮೇಲೆ ಅದರೊಳಗೆ ಒಂದೊಂದು ಹೂವಿನ ನೆರಳು. ಆ ಹೂವಿನೊಳಗೆ ಎಸಳಿನದು ಎಲ್ಲಕ್ಕೂ ಕೊನೆಗೆ.

— ಎಲ್ಲಾ ಮುದ್ದೆ ಮುದ್ದೆ ಕಾಣ್ತಿದೆ.

— ಹಾಗೇ ಕಾಣಬೇಕು. ಈ ಹೊತ್ತಲ್ಲಿ ಹೂವಿನ ಹಾಗೆ ಕಂಡರೆ ಅವಸರ ಮಾಡಿದ್ದೀಯ ಅಂತ ಅರ್ಥ. ನಮ್ಮ ರುಮಾಲೆ ಚನ್ನಬಸವಯ್ಯನವರ ಬೆಂಗಳೂರಿನ ಚಿತ್ರಗಳನ್ನ ನೆನಪಿಸ್ಕೋ. 1910ರಿಂದ 1988ರವರೆಗೆ ಬದುಕಿದ್ದವರು, ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ಹೂಬಿಟ್ಟ ಮರಗಳ ಮುಂದೆ ಕೂತು ಬರೆದರು. ಅವರ ಗುಲ್‌ಮೊಹರಿನಲ್ಲಿ ಒಂದು ಹೂವನ್ನ ಬಿಡಿಸಿ ತೋರಿಸು ಅಂದ್ರೆ ಆಗಲ್ಲ. ಮರದ ತುಂಬ ಹೂವಿದೆ ಅನ್ನೋದರಲ್ಲಿ ಅನುಮಾನವೂ ಇಲ್ಲ. ರೌಶ್ ಒಂದು ತುದಿ, ರುಮಾಲೆ ಇನ್ನೊಂದು ತುದಿ. ಇಬ್ಬರೂ ಮೊದಲು ನೋಡಿದ್ದು ಬೆಳಕಿನ ರಾಶಿಯನ್ನೇ.

— ಈಗ ಬಿಳಿ ಹಾಕಲಾ?

— ಬಿಳಿಯ ಟ್ಯೂಬನ್ನ ಹೂವಿನ ಪಕ್ಕ ಹಿಡಿದು ನೋಡಿದ್ದೀಯಾ? ಇದು ಮಾಡಿ ನೋಡಲೇಬೇಕಾದ್ದು. ಪ್ಯಾಲೆಟ್ ನೈಫಿನ ತುದಿಗೆ ಚೂರು ಟೈಟಾನಿಯಂ ವೈಟ್ ತಗೊಂಡು, ಒಂದು ಕಣ್ಣು ಮುಚ್ಚಿ, ಆ ಬಲಗಡೆಯ ಬಿಳಿ ಹೂವಿನ ನೆರಳಿನ ಮೈಗೆ ಅಡ್ಡ ಹಿಡಿ. ಕಿಟಕಿಯ ಬೆಳಕು ನೈಫಿನ ಮೇಲೂ ಬೀಳೋ ಹಾಗೆ.

— ಅಯ್ಯೋ, ಹೂವು ಬೂದಿ ಬಣ್ಣ! ಸ್ವಲ್ಪ ಹಸಿರು ಕೂಡ ಇದೆ.

— ಈಗ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ ಕೂಡಿಸಿ ಬಿಳಿ ಹಾಕು, ಬೂದಿ ಬರುತ್ತೆ. ಯೆಲ್ಲೋ ಓಕರ್ ಒಂದು ಚಿಟಿಕೆ. ಮತ್ತೆ ನೈಫಿನಲ್ಲಿ ತಗೊಂಡು ಹಿಡಿ. ಇನ್ನೂ ತಿಳಿಯಾಗಿದೆ ಅಲ್ವಾ? ಸ್ವಲ್ಪ ಗಾಢ ಮಾಡು. ನೈಫಿನ ಬಣ್ಣ ಯಾವುದು, ಹೂವಿನ ಬಣ್ಣ ಯಾವುದು ಅಂತ ಗೊತ್ತಾಗದ ಹಾಗೆ ಆದ ಮೇಲೆ ಅದನ್ನ ಕ್ಯಾನ್ವಾಸಿಗೆ ಹಚ್ಚು. ಎಡಗಡೆ ಕಿಟಕಿಗೆ ಮುಖ ಮಾಡಿದ ಕಡೆ ಕೂಡ ಬರೀ ಬಿಳಿ ಬೇಡ, ಅಲ್ಲಿ ಆಕಾಶದ ತಂಪು ನೀಲಿ ಇದೆ. ಟ್ಯೂಬಿನ ಬಿಳಿಗೆ ಇಡೀ ಚಿತ್ರದಲ್ಲಿ ಒಂದೋ ಎರಡೋ ಜಾಗ. ಅದನ್ನ ಕೊನೆಯವರೆಗೂ ಕಾದಿಡು. ಮೊದಲೇ ಖರ್ಚು ಮಾಡಿದರೆ ಅದಕ್ಕಿಂತ ಬೆಳ್ಳಗಿನ ಬಣ್ಣ ಪ್ರಪಂಚದಲ್ಲಿ ಯಾವ ಅಂಗಡಿಯಲ್ಲೂ ಸಿಗಲ್ಲ.

— ಹಳದಿಯ ನೆರಳಿಗೆ ಕಪ್ಪು ಸೇರಿಸಿದ್ರೆ ಸಾಕಾ?

— ಒಂದು ಮೂಲೆಯಲ್ಲಿ ಬೆರೆಸಿ ನೋಡು.

— ಹಸಿರಾಯ್ತು!

— ಹೂಂ. ಹಳದಿಗೆ ಕಪ್ಪು ಬಿದ್ದರೆ ಪಾಚಿ ಹಸಿರಾಗುತ್ತೆ. ಓಕರ್, ಬರ್ನ್ಟ್ ಸಿಯೆನಾ, ಅಷ್ಟರಲ್ಲೇ ಹಳದಿಯ ನೆರಳು ಮಾಡು. ತೀರಾ ಆಳಕ್ಕೆ ಒಂದಿಷ್ಟು ನೇರಳೆ. ಎಲೆಗೂ ಟ್ಯೂಬಿನ ಹಸಿರು ಬೇಡ. ಅಲ್ಟ್ರಾಮರೀನ್, ಓಕರ್ ಕೂಡಿಸಿದರೆ ಬರೋ ಮಾಸಲು ಹಸಿರೇ ನಿಜವಾದ ಎಲೆಗೆ ಹತ್ತಿರ.

— ನನಗೆ ಮುಂದೆ ಗುಲಾಬಿ ಬಣ್ಣದ ಹೂವು ಬರೆಯೋ ಆಸೆ. ಅಂಗಡಿಯವನು ಕ್ರಿಮ್ಸನ್ ಕೊಟ್ಟಿದ್ದಾನೆ.

— ಟ್ಯೂಬಿನ ಹಿಂದೆ ಸಣ್ಣ ಅಕ್ಷರ ಓದು. ಪಿಆರ್ 83 ಅಂತಿದೆಯಾ? ಅದು ಹಳೇ ಅಲಿಜಾರಿನ್. ತೆಳ್ಳಗೆ ಹಚ್ಚಿದರೆ, ಬಿಳಿಯಲ್ಲಿ ಬೆರೆಸಿದರೆ ಬೆಳಕಿಗೆ ಮಾಸುತ್ತೆ. ಪಿವಿ 19 ಅಂತಿರೋ ಕ್ವಿನಾಕ್ರಿಡೋನ್ ಕೊಂಡ್ಕೋ, ಅದು ನಿಲ್ಲುತ್ತೆ. ಇದನ್ನ ಹಗುರವಾಗಿ ತಗೋಬೇಡ. ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಆಸ್ಪತ್ರೆ ಬಿಡೋ ಮುಂಚೆ ಗುಲಾಬಿ, ಐರಿಸ್ ಹೂಗಳನ್ನ ಬರೆದ. ಇವತ್ತು ನೋಡಿದರೆ ಆ ಗುಲಾಬಿಗಳು ಬಿಳಿ. ಅವನು ಬರೆದದ್ದು ನಸುಗೆಂಪಿನವು. ಐರಿಸ್ ಚಿತ್ರದ ಹಿನ್ನೆಲೆಯೂ ನಸುಗೆಂಪಾಗಿತ್ತು, ಅದೂ ಬೆಳ್ಳಗಾಗಿದೆ. ಕೆಂಪು ಬಣ್ಣ ಬೆಳಕಿಗೆ ಹಾರಿಹೋಯ್ತು. ಅವನ ಕಾಲದಲ್ಲಿ ಗಟ್ಟಿ ಬಣ್ಣ ಸಿಗೋದು ಕಷ್ಟವಿತ್ತು. ನಿನಗೆ ಸಿಗುತ್ತೆ. ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತಗೋ.

— ಈ ಎಣ್ಣೆ ಯಾವುದು ಮೇಷ್ಟ್ರೇ? ವಾಸನೆ ಪರಿಚಯದ್ದು ಅನ್ನಿಸ್ತಿದೆ.

— ನಿಮ್ಮ ತಾಯಿಯ ತವರು ಗದಗ ಕಡೆ ಅಂದಿದ್ದೆಯಲ್ಲ. ಅಲ್ಲಿ ಚಟ್ನಿಪುಡಿ ಮಾಡೋ ಅಗಸೆಯದೇ ಎಣ್ಣೆ ಇದು, ಚಿತ್ರಕ್ಕೆ ಬೇಕಾದ ಹಾಗೆ ಶುದ್ಧ ಮಾಡಿದ್ದು. ತೈಲವರ್ಣದ ಜೀವ ಇದರಲ್ಲಿದೆ. ತೆಂಗಿನೆಣ್ಣೆಯಲ್ಲಿ ಬಣ್ಣ ಅರೆದರೆ ವರ್ಷ ಬಿಟ್ಟರೂ ಒಣಗಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತೆ. ನೀರು ಆರಿದ ಹಾಗೆ ಆರೋದಲ್ಲ ಅದು, ಎಣ್ಣೆಯೇ ಬೇರೆ ವಸ್ತುವಾಗೋದು. ಆದರೆ ಇದು ಕಾಲ ಕಳೆದ ಹಾಗೆ ಹಳದಿಗೆ ತಿರುಗುತ್ತೆ. ಅದಕ್ಕೇ ಎಷ್ಟೋ ಕಂಪನಿಗಳು ಬಿಳಿ ಬಣ್ಣವನ್ನ ಕುಸುಬೆ ಎಣ್ಣೆಯಲ್ಲಿ ಅರೀತವೆ. ಅಗಸೆ, ಕುಸುಬೆ ಎರಡೂ ನಿಮ್ಮ ಕಡೆಯ ಎರೆಹೊಲದ ಹಿಂಗಾರಿ ಬೆಳೆಗಳೇ.

— ಹಾಗಾದ್ರೆ ಎಣ್ಣೆ ಜಾಸ್ತಿ ಹಾಕಿಕೊಂಡೇ ಬರೀಬಹುದಾ?

— ಮೊದಲ ಪದರಕ್ಕೆ ಬೇಡ. ಕೆಳಗಿನದು ತೆಳು, ಟರ್ಪಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲೆ ಮೇಲೆ ಹೋದ ಹಾಗೆ ಎಣ್ಣೆ ಹೆಚ್ಚಬೇಕು. ತಿರುವುಮುರುವು ಮಾಡಿದರೆ ಮೇಲಿನದು ಮೊದಲು ಒಣಗುತ್ತೆ, ಕೆಳಗಿನದು ಇನ್ನೂ ಅಲುಗಾಡ್ತಾ ಇರುತ್ತೆ, ಚಿತ್ರ ಬಿರುಕು ಬಿಡುತ್ತೆ. ನೆರಳು ತೆಳು, ಬೆಳಕು ದಪ್ಪ ಅನ್ನೋದನ್ನೂ ಇದರ ಜೊತೆಗೇ ಇಟ್ಕೋ.

— ಈಗ ಎಸಳು ಬರೀಬಹುದಾ ಮೇಷ್ಟ್ರೇ?

— ಬರಿ. ಎದುರಿಗಿರೋ ಒಂದು ಹೂವಿಗೆ ಮಾತ್ರ. ಬೆಳಕು ನೆರಳು ಕೂಡೋ ಕಡೆ ನಾಲ್ಕೈದು ಎಸಳು ಸ್ಪಷ್ಟ ಮಾಡು. ಒಂದೊಂದೂ ಒಂದೇ ಸಲದ ಬ್ರಷ್; ಹೂವಿನ ಹೊರಗಿನಿಂದ ನಡುವಿಗೆ ಎಳೆದು ಎತ್ತಿಬಿಡು. ಸವರ್ತಾ ಕೂರಬೇಡ, ಹಸಿ ಬಣ್ಣ ಕಲಸಿ ಕೆಸರಾಗುತ್ತೆ. ಬೆನ್ನು ತೋರಿಸಿದ ಹೂವಿನ ಅಂಚನ್ನ ಒಣ ಬ್ರಷ್ಷಿನಿಂದ ಹಿನ್ನೆಲೆಗೆ ಮೆಲ್ಲಗೆ ತಳ್ಳು. ಅಂಚು ಕಳೆದುಹೋಗಲಿ. ಎಲ್ಲಾ ಅಂಚೂ ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದರೆ ಹೂವಿನ ಸುತ್ತ ಗಾಳಿಯೇ ಇರಲ್ಲ.

— ಉಳಿದ ಹೂಗಳಿಗೆ ಎಸಳೇ ಬೇಡ್ವಾ?

— ನಾಳೆ ನೋಡಿ ಹೇಳು. ನನ್ನ ಕೇಳಿದರೆ ಬೇಡ. ಫ್ರಾನ್ಸಿನ ಚಿತ್ರಕಾರ ಮಾನೆ 1882ರಿಂದ ಮುಂದಿನ ವರ್ಷದ ವಸಂತದವರೆಗೆ ಬರೆದ ಸಣ್ಣ ಹೂವಿನ ಚಿತ್ರಗಳಿವೆ. ಕಾಲು ನೋವಿಂದ ನಿಲ್ಲೋಕಾಗ್ತಿರಲಿಲ್ಲ, ದೊಡ್ಡ ಕ್ಯಾನ್ವಾಸಿಗೆ ಶಕ್ತಿ ಇರಲಿಲ್ಲ. ಸ್ನೇಹಿತರು ತಂದುಕೊಟ್ಟ ಹೂಗಳನ್ನ ಗಾಜಿನ ಹೂದಾನಿಯಲ್ಲಿಟ್ಟು ಬರೆದ. 1883ರ ಏಪ್ರಿಲ್ 30ಕ್ಕೆ ತೀರಿಕೊಂಡ, ಐವತ್ತೊಂದು ವರ್ಷ. ಆ ಚಿತ್ರಗಳಲ್ಲಿ ಒಂದು ಎಲೆಗೆ ಬ್ರಷ್ಷಿನ ಒಂದು ಎಳೆತ, ಗಾಜಿನೊಳಗಿನ ಕಡ್ಡಿಗೆ ಇನ್ನೊಂದು. ನೀರು ಅಂದ್ರೆ ನೀರು, ಗಾಜು ಅಂದ್ರೆ ಗಾಜು. ತಿದ್ದಿದ್ದು ಕಾಣೋದೇ ಇಲ್ಲ. ವಾನ್ ಹೌಸಮ್ ವರ್ಷಗಟ್ಟಲೆ ಕಾದ, ಮಾನೆಗೆ ಕಾಯೋಕೆ ಕಾಲ ಇರಲಿಲ್ಲ. ಕಲಿಯೋರು ಮಾನೆಯ ದಾರಿ ಹಿಡೀಬೇಕು ಅನ್ನೋದು ನನ್ನ ಅಭಿಪ್ರಾಯ. ಒಂದೇ ಚಿತ್ರವನ್ನ ತಿಂಗಳು ಎಳೆಯೋದರಿಂದ ಕೈ ಹೆದರುತ್ತೆ. ಒಂದು ಬೆಳಗಿನಲ್ಲಿ ಒಂದು ಚಿಕ್ಕ ಚಿತ್ರ, ಹೂವು ಎದುರಿಗಿರೋವಾಗಲೇ ಶುರು, ಎದುರಿಗಿರೋವಾಗಲೇ ಮುಗಿತಾಯ. ಹೀಗೆ ಬರೆದವರ ಕಣ್ಣು ಬೇಗ ಹರಿತವಾಗೋದನ್ನ ನಾನು ಇಷ್ಟು ವರ್ಷ ಕಂಡಿದ್ದೀನಿ.

— ಮುಗೀತು ಅಂತ ತಿಳಿಯೋದು ಹೇಗೆ?

— ಹಿಂದೆ ಗೋಡೆಯವರೆಗೆ ಹೋಗಿ ನಿಂತು ನೋಡು. ಇನ್ನೇನು ಹಾಕಲಿ ಅಂತ ಹುಡುಕೋಕೆ ಶುರುಮಾಡಿದ್ದೀಯ ಅಂದ್ರೆ ಮುಗಿದಿದೆ. ಬ್ರಷ್ ಕೆಳಗಿಡು.

— ಇಟ್ಟೆ. ವಾರ್ನಿಷ್ ಯಾವಾಗ ಹಚ್ಚೋದು?

— ಆರು ತಿಂಗಳಾದ್ರೂ ಹೋಗಲಿ, ದಪ್ಪ ಬಣ್ಣವಿದ್ದರೆ ವರ್ಷ. ಮುಟ್ಟಿದರೆ ಅಂಟಲ್ಲ ಅಂತ ಒಣಗಿದೆ ಅಂದ್ಕೋಬೇಡ, ಒಳಗೆ ಇನ್ನೂ ಹಸಿ ಇರುತ್ತೆ. ಮಳೆಗಾಲದಲ್ಲಂತೂ ತುಂಬಾ ನಿಧಾನ. ಅಲ್ಲೀವರೆಗೆ ಬೆಳಕಿರೋ ಗೋಡೆಗೆ ಹಾಕು, ಬೀರುವಿನ ಕತ್ತಲಲ್ಲಿಟ್ಟರೆ ಎಣ್ಣೆ ಬೇಗ ಹಳದಿಯಾಗುತ್ತೆ.

— ಈ ಒರೆಸಿದ ಬಟ್ಟೆಗಳನ್ನ ಕಸದ ಬುಟ್ಟಿಗೆ ಹಾಕಲಾ?

— ಬೇಡ ಬೇಡ, ಕೊಡು ಇಲ್ಲಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಬಟ್ಟೆಯನ್ನ ಮುದ್ದೆ ಮಾಡಿ ಬಿಸಾಡಿದರೆ ಆ ಬಿಸಿ ಒಳಗೇ ಕೂಡಿ, ಕಿಡಿ ಸೋಕದೆ ತಾನಾಗೇ ಬೆಂಕಿ ಹೊತ್ತಿಕೊಳ್ಳುತ್ತೆ. ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕು. ಮನೆಯಲ್ಲಿ ಬರೆಯುವಾಗಲೂ ಇದನ್ನ ಮರೀಬೇಡ. ಟರ್ಪಂಟೈನ್ ಬಾಟಲಿ ಮುಚ್ಚು, ಕಿಟಕಿ ತೆಗೆದಿರಲಿ. ಊಟಕ್ಕೆ ಮುಂಚೆ ಕೈ ಸೋಪು ಹಾಕಿ ತೊಳಿ, ಬಣ್ಣದಲ್ಲಿರೋ ಕ್ಯಾಡ್ಮಿಯಂ ಹೊಟ್ಟೆಗೆ ಹೋಗಬಾರದು.